ಆಂಬುಲೆನ್ಸ್ ಬರುವವರೆಗೆ: ಶಾಲಾ ಸಿಬ್ಬಂದಿಗೆ ರಕ್ತ ನಿಲ್ಲಿಸುವ ತರಬೇತಿ

ಶಾಲೆ ಎಂದ ಮೇಲೆ ಪೆಟ್ಟು, ಗಾಯ ಇದ್ದದ್ದೇ. ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚುತ್ತದೆ, ಬೆಂಚಿನ ಮೊಳೆ ತಾಗಿ ಕೈ ಗೀರುತ್ತದೆ, ಓಡಿ ಬಂದ ಇಬ್ಬರು ಹುಡುಗರ ಹಣೆಗೆ ಹಣೆ ಬಡಿಯುತ್ತದೆ. ಇಂಥವುಗಳಲ್ಲಿ ಬಹುಪಾಲು ನೀರಿನಲ್ಲಿ ತೊಳೆದು, ಶುದ್ಧವಾದ ಬಟ್ಟೆ ಕಟ್ಟಿದರೆ ಮುಗಿದುಹೋಗುವ ಗಾಯಗಳು. ಆದರೆ ಎಂದೋ ಒಂದು ದಿನ ಕಿಟಕಿಯ ಗಾಜಿನೊಳಗೆ ಮಗುವಿನ ಕೈ ತೂರಿಬಿಡುತ್ತದೆ. ಬಿಸಿಯೂಟದ ಕೋಣೆಯಲ್ಲಿ ಈಳಿಗೆಮಣೆ ಜಾರುತ್ತದೆ. ಶಾಲೆಯ ಗೇಟಿನೆದುರೇ ವಾಹನ ಬಂದು ಬಡಿಯುತ್ತದೆ. ಆಗ ರಕ್ತ ತೊಟ್ಟಿಕ್ಕುವುದಿಲ್ಲ, ಹರಿಯುತ್ತದೆ. ಆ ಹೊತ್ತಿನಲ್ಲಿ ಮಗುವಿನ ಹತ್ತಿರ ಇರುವವರು ವೈದ್ಯರಲ್ಲ, ದಾದಿಯರಲ್ಲ. ತರಗತಿಯ ಶಿಕ್ಷಕರು, ದೈಹಿಕ ಶಿಕ್ಷಕರು, ಅಡುಗೆಯವರು, ಆಯಾ ಅಥವಾ ಜವಾನರು. ಅವರು ಏನು ಮಾಡಬೇಕು, ಅದನ್ನು ಅವರಿಗೆ ಕಲಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಪರದೆಯ ಮೇಲಿನ ಮಾತುಕತೆಯಲ್ಲಿ ವೇಗವಾಗಿ ಸಾಗಿಹೋಗುವ ವಿವರಗಳನ್ನು ಇಲ್ಲಿ ನಿಧಾನವಾಗಿ ಓದಿಕೊಳ್ಳಿ. ಸಾಧ್ಯವಾದರೆ ನಿಮ್ಮ ಊರಿನ ಶಾಲೆಯವರಿಗೂ ಓದಲು ಕೊಡಿ.

ಐದು ನಿಮಿಷದ ಲೆಕ್ಕ

ನಮ್ಮ ದೇಹದಲ್ಲಿ ಎಷ್ಟು ರಕ್ತವಿದೆ? ವಯಸ್ಕರಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್. ಮಕ್ಕಳಲ್ಲಿ ಸ್ವಲ್ಪ ಹೆಚ್ಚು, 75ರಿಂದ 80 ಮಿಲಿಲೀಟರ್. ಅಂದರೆ 60 ಕಿಲೋ ತೂಗುವ ಶಿಕ್ಷಕರ ಮೈಯಲ್ಲಿ 4 ಲೀಟರಿಗಿಂತ ಸ್ವಲ್ಪ ಹೆಚ್ಚು ರಕ್ತವಿದ್ದರೆ, 25 ಕಿಲೋ ತೂಗುವ ಮಗುವಿನಲ್ಲಿ 2 ಲೀಟರಿಗೂ ತುಸು ಕಡಿಮೆ. ವಯಸ್ಕರೊಬ್ಬರು ರಕ್ತದಾನ ಮಾಡುವಾಗ ಕೊಡುವ 350 ಮಿಲಿಲೀಟರ್ ರಕ್ತ ಅವರಿಗೆ ಗೊತ್ತೇ ಆಗುವುದಿಲ್ಲ. ಅದೇ ಪ್ರಮಾಣ ಈ ಮಗುವಿನ ಮೈಯಿಂದ ಹರಿದುಹೋದರೆ ಅದರ ಒಟ್ಟು ರಕ್ತದಲ್ಲಿ ಆರನೆಯ ಒಂದು ಭಾಗದಷ್ಟು ಹೋದಂತಾಯಿತು.

ಒಟ್ಟು ರಕ್ತದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋದಾಗ ಮೆದುಳಿಗೆ, ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ತಲುಪುವುದಿಲ್ಲ. ಮೈ ತಣ್ಣಗಾಗಿ ಬೆವರುತ್ತದೆ, ನಾಡಿ ವೇಗವಾಗಿ ಸಣ್ಣದಾಗುತ್ತದೆ, ಮಗು ಮಂಕಾಗುತ್ತದೆ. ಇದನ್ನು ವೈದ್ಯರು ‘ಆಘಾತ’ದ ಸ್ಥಿತಿ ಎನ್ನುತ್ತಾರೆ. ಮಕ್ಕಳ ವಿಷಯದಲ್ಲಿ ಒಂದು ಮೋಸವಿದೆ. ಅವರ ರಕ್ತನಾಳಗಳು ಬಿಗಿಯಾಗಿ ಕುಗ್ಗಬಲ್ಲವಾದ್ದರಿಂದ ಮಗು ಬಹಳ ಹೊತ್ತು ಚೆನ್ನಾಗಿಯೇ ಇರುವಂತೆ ಕಾಣುತ್ತದೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ತೊಡೆಯ ಅಥವಾ ತೋಳಿನ ದೊಡ್ಡ ಧಮನಿ ಕತ್ತರಿಸಿದರೆ ಐದು ನಿಮಿಷದೊಳಗೆ ಪ್ರಾಣ ಹೋಗಬಹುದು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ ‘ಆರೋಗ್ಯ ಕವಚ’ದ 108 ವಾಹನ ಎಷ್ಟೇ ಚುರುಕಾಗಿ ಹೊರಟರೂ ಹಳ್ಳಿಯ ಶಾಲೆಗೆ ಐದು ನಿಮಿಷದಲ್ಲಿ ತಲುಪುವುದು ಕಷ್ಟ. ಆದ್ದರಿಂದ ಆ ಐದು ನಿಮಿಷ ಶಾಲೆಯವರದೇ.

ರಕ್ತ ತಾನಾಗಿ ನಿಲ್ಲುವುದು ಹೇಗೆ?

ಸಣ್ಣ ಗಾಯದಲ್ಲಿ ಮೊದಲು ತುಂಡಾದ ರಕ್ತನಾಳವೇ ಕುಗ್ಗುತ್ತದೆ. ಬಳಿಕ ರಕ್ತದಲ್ಲಿರುವ ಕಿರುಬಿಲ್ಲೆಗಳು ಅಲ್ಲಿ ಬಂದು ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ಕೊನೆಗೆ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆದು ಆ ಬಿರಡೆಯನ್ನು ಗಟ್ಟಿ ಮಾಡುತ್ತವೆ. ಇದೇ ಹೆಪ್ಪುಗಟ್ಟುವಿಕೆ. ಇದಕ್ಕೆ ಕೆಲವು ನಿಮಿಷಗಳ ಕಾಲಾವಕಾಶ ಬೇಕು. ರಭಸವಾಗಿ ಹರಿಯುವ ರಕ್ತ ಆ ಅವಕಾಶ ಕೊಡುವುದಿಲ್ಲ. ಕಟ್ಟಿಕೊಳ್ಳುತ್ತಿರುವ ಹೆಪ್ಪನ್ನು ಕೊಚ್ಚಿಕೊಂಡು ಹೋಗುತ್ತದೆ. ಕಾಲುವೆಯ ಒಡಕನ್ನು ಮುಚ್ಚುವ ರೈತ ಮೊದಲು ನೀರಿನ ಓಟವನ್ನು ತಡೆಯುತ್ತಾನಲ್ಲವೇ? ನಾವು ಗಾಯವನ್ನು ಒತ್ತುವುದೂ ಅದೇ ಕಾರಣಕ್ಕೆ. ಒತ್ತಿದ ಕೈ ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ. ಹೆಪ್ಪುಗಟ್ಟಲು ಅದಕ್ಕೆ ಬಿಡುವು ಕೊಡುತ್ತದೆ.

ಈ ಚಿಂತನೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ರಕ್ತ ನಿಲ್ಲಿಸುವ ನಾಲ್ಕು ಬಗೆಗಳನ್ನು ಹೇಳಿದೆ: ಸಂಧಾನ, ಸ್ಕಂದನ, ಪಾಚನ, ದಹನ. ಗಾಯವನ್ನು ಕೂಡಿಸುವುದು, ರಕ್ತವನ್ನು ಗಟ್ಟಿಯಾಗಿಸುವುದು, ಭಸ್ಮದಿಂದ ಒಣಗಿಸುವುದು, ಸುಟ್ಟು ನಾಳವನ್ನು ಕುಗ್ಗಿಸುವುದು ಎಂದು ಸ್ಥೂಲವಾಗಿ ಅರ್ಥ. ಫ್ರಾನ್ಸಿನ ಶಸ್ತ್ರವೈದ್ಯ ಜಾನ್ ಲೂಯಿ ಪೆಟಿ 1718ರಲ್ಲಿ ತಿರುಪು ಇರುವ ಬಿಗಿಪಟ್ಟಿಯನ್ನು ರೂಪಿಸಿದ. ‘ತಿರುಗಿಸು’ ಎಂಬ ಅರ್ಥದ ಫ್ರೆಂಚ್ ಪದದಿಂದ ಅದಕ್ಕೆ ‘ಟೂರ್ನಿಕೆ’ ಎಂಬ ಹೆಸರು ಬಂತು. ಇಂದಿನ ಬಿಗಿಪಟ್ಟಿಗಳು ಅದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ಯಾವುದು ಅಪಾಯದ ರಕ್ತಸ್ರಾವ?

ತರಬೇತಿಯ ಮೊದಲ ಪಾಠ ಗುರುತಿಸುವುದು. ಈ ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಅದು ಪ್ರಾಣಾಪಾಯದ ರಕ್ತಸ್ರಾವವೆಂದೇ ತಿಳಿಯಿರಿ.

1. ರಕ್ತ ಚಿಮ್ಮುತ್ತಿದ್ದರೆ ಅಥವಾ ನಿಲ್ಲದೆ ಸುರಿಯುತ್ತಿದ್ದರೆ.
2. ನೆಲದ ಮೇಲೆ ರಕ್ತ ಮಡುಗಟ್ಟುತ್ತಿದ್ದರೆ.
3. ಕಟ್ಟಿದ ಬಟ್ಟೆ ಅಥವಾ ಸಮವಸ್ತ್ರ ತೊಯ್ದು ತೊಟ್ಟಿಕ್ಕುತ್ತಿದ್ದರೆ.
4. ಕೈ, ಕಾಲು ಅಥವಾ ಅದರ ಭಾಗ ತುಂಡಾಗಿದ್ದರೆ.
5. ಗಾಯಗೊಂಡವರು ಗೊಂದಲದಿಂದ ಮಾತನಾಡುತ್ತಿದ್ದರೆ ಅಥವಾ ಎಚ್ಚರ ತಪ್ಪುತ್ತಿದ್ದರೆ.

ಸಮವಸ್ತ್ರದ ಬಣ್ಣ ಗಾಢವಾಗಿದ್ದರೆ ರಕ್ತ ಕಾಣುವುದಿಲ್ಲ. ಆದ್ದರಿಂದ ಬಟ್ಟೆಯನ್ನು ಸರಿಸಿ ಅಥವಾ ಕತ್ತರಿಸಿ ಗಾಯವನ್ನು ಕಣ್ಣಿನಿಂದ ನೋಡಲೇಬೇಕು. ಒಂದು ಗಾಯ ಕಂಡಿತೆಂದು ಅಲ್ಲಿಗೇ ನಿಲ್ಲಬಾರದು. ಬೆನ್ನು, ಕಂಕುಳು, ತೊಡೆಸಂದಿಗಳನ್ನೂ ನೋಡಬೇಕು.

ಮೂರು ಹೆಜ್ಜೆಗಳು

ಮೊದಲು ಇನ್ನೊಬ್ಬರಿಗೆ ಹೆಸರು ಹಿಡಿದು ಹೇಳಿ: ‘ನೀವು 108ಕ್ಕೆ ಫೋನ್ ಮಾಡಿ.’ ಗುಂಪಿಗೆಲ್ಲ ಕೂಗಿ ಹೇಳಿದರೆ ಯಾರೂ ಮಾಡುವುದಿಲ್ಲ, ಎಲ್ಲರೂ ಇನ್ನೊಬ್ಬರು ಮಾಡಿದ್ದಾರೆಂದು ತಿಳಿಯುತ್ತಾರೆ. 112ಕ್ಕೆ ಕರೆ ಮಾಡಿದರೂ ನೆರವು ಸಿಗುತ್ತದೆ. ಕೈಗವಸು ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಶುದ್ಧವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿದರೂ ಆದೀತು.

ಮೊದಲ ಹೆಜ್ಜೆ, ಒತ್ತುವುದು. ಗಾಸ್ ಬಟ್ಟೆ, ಟವೆಲ್, ದುಪಟ್ಟಾ, ಕರವಸ್ತ್ರ, ಏನು ಸಿಕ್ಕರೆ ಅದನ್ನು ಗಾಯದ ಮೇಲಿಟ್ಟು ಎರಡೂ ಅಂಗೈಗಳಿಂದ, ಮೊಣಕೈ ಮಡಿಸದೆ, ಮೈಭಾರ ಬಿಟ್ಟು ಒತ್ತಿ. ಮಗುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿದರೆ ಒತ್ತಡ ಸರಿಯಾಗಿ ಬೀಳುತ್ತದೆ. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಅದರ ಮೇಲೆ ಇನ್ನೊಂದನ್ನು ಇಟ್ಟು ಇನ್ನೂ ಬಲವಾಗಿ ಒತ್ತಿ. ‘ನಿಂತಿತೇ?’ ಎಂದು ಎತ್ತಿ ಎತ್ತಿ ನೋಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಪ್ರತಿ ಸಲ ಎತ್ತಿದಾಗಲೂ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ.

ಎರಡನೆಯ ಹೆಜ್ಜೆ, ತುಂಬುವುದು. ತೊಡೆಸಂದಿ, ಕಂಕುಳು, ಭುಜದ ಬುಡಗಳಲ್ಲಿ ಆಳವಾದ ಗಾಯವಾದರೆ ಮೇಲಿನಿಂದ ಒತ್ತಿದ್ದು ಒಳಗಿನ ನಾಳಕ್ಕೆ ತಲುಪುವುದಿಲ್ಲ. ಅಲ್ಲಿ ಗಾಸ್ ಬಟ್ಟೆಯನ್ನೋ ಶುದ್ಧವಾದ ಹತ್ತಿಬಟ್ಟೆಯನ್ನೋ ಬೆರಳಿನಿಂದ ಗಾಯದ ತಳದವರೆಗೆ ತುರುಕುತ್ತಾ ಹೋಗಿ, ತುಂಬಿದ ಮೇಲೆ ಒತ್ತಿಹಿಡಿಯಬೇಕು. ನೋಡಲು ಕಠಿಣ, ಮಗುವಿಗೆ ನೋವೂ ಹೌದು. ಆದರೆ ಅಂಥ ಜಾಗದಲ್ಲಿ ಬಿಗಿಪಟ್ಟಿ ಕಟ್ಟಲು ಬರುವುದಿಲ್ಲ. ಎದೆ ಮತ್ತು ಹೊಟ್ಟೆಯೊಳಗೆ ಮಾತ್ರ ಏನನ್ನೂ ತುರುಕಬಾರದು. ಅಲ್ಲಿ ಬೇಗ ಆಸ್ಪತ್ರೆಗೆ ತಲುಪಿಸುವುದೇ ದಾರಿ.

ಮೂರನೆಯ ಹೆಜ್ಜೆ, ಬಿಗಿಪಟ್ಟಿ. ಕೈ ಅಥವಾ ಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ, ಅಥವಾ ಅಂಗ ತುಂಡಾಗಿದ್ದರೆ ತಡಮಾಡದೆ ಬಿಗಿಪಟ್ಟಿ ಕಟ್ಟಬೇಕು. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಹೃದಯದ ಕಡೆಗೆ ಕಟ್ಟಿ. ಮೊಣಕೈ, ಮೊಣಕಾಲಿನ ಕೀಲಿನ ಮೇಲೆ ಕಟ್ಟಬಾರದು. ಪಟ್ಟಿಯನ್ನು ಎಳೆದು ಕೂರಿಸಿ, ಅದರಲ್ಲಿರುವ ಕಡ್ಡಿಯನ್ನು ರಕ್ತ ನಿಲ್ಲುವವರೆಗೆ ತಿರುಗಿಸಿ ಸಿಕ್ಕಿಸಿ. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೆ ಅಥವಾ ಹಣೆಯ ಮೇಲೆ ಪೆನ್ನಿನಿಂದ ಬರೆಯಿರಿ. ಮಗು ನೋವೆಂದು ಅತ್ತರೂ ಸಡಿಲಿಸಬೇಡಿ. ಅದನ್ನು ಬಿಚ್ಚುವುದು ಆಸ್ಪತ್ರೆಯವರ ಕೆಲಸ.

ಸಿದ್ಧ ಬಿಗಿಪಟ್ಟಿ ಇಲ್ಲದಿದ್ದಲ್ಲಿ ಎರಡು ಅಂಗುಲ ಅಗಲಕ್ಕೆ ಮಡಿಸಿದ ಗಟ್ಟಿ ಬಟ್ಟೆಯನ್ನು ಸುತ್ತಿ ಗಂಟು ಹಾಕಿ, ಗಂಟಿನಲ್ಲಿ ಬಲವಾದ ಕಡ್ಡಿ ಇಟ್ಟು ತಿರುಗಿಸಬಹುದು. ಕಡ್ಡಿ ಇಲ್ಲದೆ ಬರೀ ಬಟ್ಟೆಯನ್ನು ಬಿಗಿದು ಕಟ್ಟಿದರೆ ಸಾಲದು: ಮೇಲ್ಪದರದ ಅಭಿಧಮನಿಗಳು ಮುಚ್ಚುತ್ತವೆ, ಆಳದ ಧಮನಿ ತೆರೆದೇ ಇರುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ತಂತಿ, ಹಗ್ಗ, ಶೂ ಲೇಸು ಚರ್ಮವನ್ನು ಕೊಯ್ಯುತ್ತವೆ, ಬಳಸಬೇಡಿ. ಅಂಗನವಾಡಿಯ ಪುಟ್ಟ ಮಕ್ಕಳ ತೆಳು ಕೈಕಾಲುಗಳಿಗೆ ದೊಡ್ಡವರ ಬಿಗಿಪಟ್ಟಿ ಸರಿಯಾಗಿ ಕೂರದಿರಬಹುದು. ಅವರಿಗೆ ಒತ್ತುವುದೇ ಸಾಕಾಗುತ್ತದೆ.

ರಕ್ತ ನಿಂತ ಮೇಲೆ ಮಗುವನ್ನು ಮಲಗಿಸಿಯೇ ಇಡಿ. ಜಮಖಾನವನ್ನೋ ಕಂಬಳಿಯನ್ನೋ ಹೊದಿಸಿ ಬೆಚ್ಚಗಿಡಿ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಪಕ್ಕದಲ್ಲೇ ಕುಳಿತು ಮಾತನಾಡಿಸುತ್ತಿರಿ.

ಹಾವು ಕಡಿತಕ್ಕೆ ಇದು ಸಲ್ಲದು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಗಿಪಟ್ಟಿಯ ಪಾಠ ಕೇಳಿದವರು ಹಾವು ಕಡಿದಾಗಲೂ ಕಟ್ಟಲು ಹೋಗುವ ಸಾಧ್ಯತೆ ನಮ್ಮ ಹಳ್ಳಿಗಳಲ್ಲಿ ಹೆಚ್ಚು. ಹಳೆಯ ರೂಢಿಯೂ ಅದೇ. ಹಾವು ಕಡಿತಕ್ಕೆ ಬಿಗಿಯಾಗಿ ಕಟ್ಟಲೇಬಾರದು. ಕೊಳಕುಮಂಡಲದ ವಿಷ ಅಂಗಾಂಶಗಳನ್ನು ಕೊಳೆಸುತ್ತದೆ. ಕಟ್ಟು ಹಾಕಿದರೆ ವಿಷ ಅಲ್ಲೇ ನಿಂತು ಹಾನಿ ಹೆಚ್ಚುತ್ತದೆ, ಬಿಚ್ಚಿದಾಗ ಒಮ್ಮೆಲೇ ಮೈಗೆ ಹರಡುತ್ತದೆ. ಗಾಯವನ್ನು ಕೊಯ್ಯುವುದು, ಚೀಪುವುದು ಕೂಡದು. ಕಡಿದ ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ತರಬೇತಿ ಕೊಡುವವರು ಈ ವ್ಯತ್ಯಾಸವನ್ನು ಎರಡೆರಡು ಸಲ ಹೇಳಬೇಕು: ಹರಿಯುವ ರಕ್ತಕ್ಕೆ ಕಟ್ಟು, ವಿಷಕ್ಕೆ ಕಟ್ಟಬೇಡ.

ಮಾಡಬಾರದ ಕೆಲಸಗಳು

ಗಾಯಕ್ಕೆ ಕಾಫಿಪುಡಿ, ಅರಿಶಿನ, ಬೂದಿ, ಸೀಮೆಸುಣ್ಣದ ಪುಡಿ ಹಾಕುವ ಅಭ್ಯಾಸ ಇನ್ನೂ ಇದೆ. ಇವುಗಳಿಂದ ರಭಸದ ರಕ್ತ ನಿಲ್ಲುವುದಿಲ್ಲ. ಗಾಯ ಕೊಳೆಯಾಗುತ್ತದೆ, ಹೊಲಿಗೆ ಹಾಕುವ ವೈದ್ಯರಿಗೆ ತೊಳೆಯುವ ಕೆಲಸ ಹೆಚ್ಚುತ್ತದೆ. ಗಾಜಿನ ಚೂರು, ಕಬ್ಬಿಣದ ಸರಳು ಚುಚ್ಚಿಕೊಂಡಿದ್ದರೆ ಎಳೆದು ತೆಗೆಯಬೇಡಿ. ಅದೇ ಬಿರಡೆಯಾಗಿ ರಕ್ತವನ್ನು ತಡೆದಿರಬಹುದು. ಅದರ ಸುತ್ತ ಬಟ್ಟೆಯ ಸಿಂಬಿ ಇಟ್ಟು ಅಲುಗದಂತೆ ಕಟ್ಟಿ ಸಾಗಿಸಿ.

ನಮ್ಮಲ್ಲಿ ಯಾರಿಗೇ ಪೆಟ್ಟಾದರೂ ಮೊದಲು ನೀರು ಕುಡಿಸುತ್ತಾರೆ. ಮನಸ್ಸು ಒಳ್ಳೆಯದು, ಕೆಲಸ ಒಳ್ಳೆಯದಲ್ಲ. ಎಚ್ಚರ ತಪ್ಪುತ್ತಿರುವ ಮಗುವಿಗೆ ನೀರು ಶ್ವಾಸನಾಳಕ್ಕೆ ಹೋಗಬಹುದು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ವಾಂತಿಯಾಗುವ ಅಪಾಯವೂ ಇದೆ. ತುಟಿ ಒದ್ದೆ ಮಾಡಿದರೆ ಸಾಕು.

ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಮಗುವಿನ ಜೊತೆಗೇ ಕಳುಹಿಸಿ. ಬೆರಳಿಗೆ ಮಂಜು ನೇರವಾಗಿ ತಾಗಬಾರದು.

ಈ ತರಬೇತಿ ಎಲ್ಲಿಂದ ಬಂತು?

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 2012ರ ಡಿಸೆಂಬರ್ 14ರಂದು ನಡೆದ ಗುಂಡಿನ ದಾಳಿಯಲ್ಲಿ 20 ಮಕ್ಕಳು ಮತ್ತು ಶಾಲೆಯ 6 ಮಂದಿ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಇಂಥ ಘಟನೆಗಳಲ್ಲಿ ರಕ್ತಸ್ರಾವದಿಂದಾಗುವ ಸಾವನ್ನು ತಡೆಯುವುದು ಹೇಗೆಂದು ಚರ್ಚಿಸಲು ಶಸ್ತ್ರವೈದ್ಯ ಡಾ. ಲೆನ್‌ವರ್ತ್ ಜೇಕಬ್ಸ್ ಅವರ ನೇತೃತ್ವದಲ್ಲಿ 2013ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ತಜ್ಞರು ಸೇರಿದರು. ಹತ್ತಿರ ಇರುವ ಸಾಮಾನ್ಯ ಜನರೇ ಮೊದಲ ಚಿಕಿತ್ಸಕರು, ಅವರಿಗೇ ಕಲಿಸಬೇಕು ಎಂಬುದು ಅವರ ತೀರ್ಮಾನ. 2015ರ ಅಕ್ಟೋಬರಿನಲ್ಲಿ ‘ಸ್ಟಾಪ್ ದಿ ಬ್ಲೀಡ್’ ಎಂಬ ಆಂದೋಲನ ಆರಂಭವಾಯಿತು. ಟೆಕ್ಸಾಸ್ ರಾಜ್ಯ 2019ರಲ್ಲಿ ಕಾನೂನು ಮಾಡಿ ಶಾಲೆಗಳಲ್ಲಿ ರಕ್ತ ನಿಲ್ಲಿಸುವ ಸಾಮಗ್ರಿಯ ಪೆಟ್ಟಿಗೆ ಇಡುವುದನ್ನೂ ಸಿಬ್ಬಂದಿಗೆ ತರಬೇತಿ ಕೊಡುವುದನ್ನೂ ಕಡ್ಡಾಯಗೊಳಿಸಿತು. ಏಳನೆಯ ತರಗತಿಯಿಂದ ಮೇಲಿನ ಮಕ್ಕಳಿಗೂ ಪ್ರತಿವರ್ಷ ಕಲಿಯುವ ಅವಕಾಶ ಇರಬೇಕೆಂದಿತು.

ಆ ದೇಶದ ಗುಂಡಿನ ಭಯ ನಮ್ಮ ಶಾಲೆಗಳದ್ದಲ್ಲ. ಆದರೆ ಧಮನಿಗೆ ಗುಂಡೂ ಒಂದೇ, ಗಾಜೂ ಒಂದೇ.

ಬಿಗಿಪಟ್ಟಿ ಕಟ್ಟಿದರೆ ಕೈಕಾಲು ಹೋಗುತ್ತದೆ ಎಂದು ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕಗಳು ಹೆದರಿಸುತ್ತಿದ್ದವು. ಬಾಗ್ದಾದ್‌ನ ಸೇನಾ ಆಸ್ಪತ್ರೆಯಲ್ಲಿ ಬಿಗಿಪಟ್ಟಿ ಕಟ್ಟಿಸಿಕೊಂಡಿದ್ದ 232 ಗಾಯಾಳುಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನ ಈ ಭಯವನ್ನು ದೂರಮಾಡಿತು. ಬಿಗಿಪಟ್ಟಿಯೊಂದರಿಂದಲೇ ಅಂಗ ಕಳೆದುಕೊಂಡವರು ಅವರಲ್ಲಿ ಯಾರೂ ಇರಲಿಲ್ಲ. ಆಘಾತದ ಸ್ಥಿತಿಗೆ ಹೋಗುವ ಮುನ್ನವೇ ಕಟ್ಟಿಸಿಕೊಂಡವರಲ್ಲಿ ಶೇಕಡಾ 90ರಷ್ಟು ಬದುಕಿದರು. ಆಮೇಲೆ ಕಟ್ಟಿಸಿಕೊಂಡವರಲ್ಲಿ ಶೇಕಡಾ 10 ಮಾತ್ರ. ಎರಡು ಗಂಟೆಯೊಳಗೆ ಆಸ್ಪತ್ರೆ ಸೇರುವಂತಿದ್ದರೆ ಭಯಪಡಬೇಕಾದದ್ದಿಲ್ಲ. ದೊಡ್ಡವರ ಬಿಗಿಪಟ್ಟಿಯನ್ನೇ 6ರಿಂದ 16 ವರ್ಷದ 60 ಮಕ್ಕಳ ಮೇಲೆ ಪರೀಕ್ಷಿಸಿದಾಗ ಎಲ್ಲರ ತೋಳಿನಲ್ಲೂ, ಬಹುತೇಕ ಎಲ್ಲರ ಕಾಲಿನಲ್ಲೂ ರಕ್ತದ ಓಟ ನಿಂತಿತು.

ಕೈ ಕಲಿಯಬೇಕಾದ ವಿದ್ಯೆ

ಈ ಪಾಠಕ್ಕೆ ಒಂದರಿಂದ ಒಂದೂವರೆ ಗಂಟೆ ಸಾಕು. ಆದರೆ ಭಾಷಣ ಕೇಳಿದರೆ ಬರುವುದಿಲ್ಲ. ಅಮೆರಿಕದ ಒಂದು ಕ್ರೀಡಾಂಗಣದ ಸಿಬ್ಬಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೈಯಾರೆ ಮಾಡಿ ಕಲಿತವರಲ್ಲಿ ಶೇಕಡಾ 88ರಷ್ಟು ಜನ ಬಿಗಿಪಟ್ಟಿಯನ್ನು ಸರಿಯಾಗಿ ಕಟ್ಟಿದರು. ಏನೂ ಕಲಿಯದವರಲ್ಲಿ ಶೇಕಡಾ 16 ಮಾತ್ರ. ಅದಕ್ಕಿಂತ ಮುಖ್ಯವಾದ ಮಾತು ಮುಂದಿದೆ. ಮೂರರಿಂದ ಒಂಬತ್ತು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಸರಿಯಾಗಿ ಕಟ್ಟಿದವರು ಶೇಕಡಾ 55ರಷ್ಟು ಮಾತ್ರ. ಒಂದು ಸಲ ಶಿಬಿರ ಮಾಡಿ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದರೆ ವರ್ಷದೊಳಗೆ ವಿದ್ಯೆ ಮರೆತುಹೋಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಶಾಲೆ ಆರಂಭವಾಗುವ ಜೂನ್‌ನಲ್ಲಿ ಒಮ್ಮೆ, ದಸರಾ ರಜೆಯ ನಂತರ ಒಮ್ಮೆ ಅರ್ಧ ಗಂಟೆಯ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು.

ಅಭ್ಯಾಸಕ್ಕೆ ದುಬಾರಿ ಗೊಂಬೆ ಬೇಕಿಲ್ಲ. ಹಳೆಯ ಹಾಸಿಗೆಯ ಸ್ಪಂಜಿನ ದಪ್ಪ ತುಂಡಿಗೆ ಆಳವಾಗಿ ಸೀಳು ಹಾಕಿ ಅದರೊಳಗೆ ಬಟ್ಟೆ ತುಂಬಿ ಕಲಿಯಬಹುದು. ತೂಕದ ಯಂತ್ರದ ಮೇಲೆ ಅಂಗೈಯಿಟ್ಟು ಒತ್ತಿದರೆ ಎಷ್ಟು ಭಾರ ಬೀಳುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಬಿಗಿಪಟ್ಟಿಯನ್ನು ತರಬೇತುದಾರರ ಎದುರಿನಲ್ಲಿ ದೊಡ್ಡವರು ಒಬ್ಬರಿಗೊಬ್ಬರು ಕೆಲವು ಕ್ಷಣ ಕಟ್ಟಿ ನೋಡಬೇಕು. ಆಗಲೇ ಎಷ್ಟು ಬಿಗಿ ಬೇಕೆಂಬುದು ಅರಿವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಭಾರತೀಯ ರೆಡ್ ಕ್ರಾಸ್ ಸಂಸ್ಥೆ, ಸೇಂಟ್ ಜಾನ್ ಆಂಬುಲೆನ್ಸ್ ಇಂಥವರ ನೆರವು ಕೇಳಬಹುದು.

ಯಾರಿಗೆ ಕಲಿಸಬೇಕು? ಮುಖ್ಯೋಪಾಧ್ಯಾಯರಿಗೊಬ್ಬರಿಗೇ ಅಲ್ಲ. ಅವರು ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದ ದಿನವೇ ಅಪಘಾತ ಆಗಬಹುದು. ದೈಹಿಕ ಶಿಕ್ಷಕರು, ಬಿಸಿಯೂಟದ ಅಡುಗೆಯವರು, ಶಾಲಾ ವಾಹನದ ಚಾಲಕರು, ಹಾಸ್ಟೆಲಿನ ಮೇಲ್ವಿಚಾರಕರು ಮೊದಲು ಕಲಿಯಬೇಕು. ಕೆಲಸವನ್ನೂ ಮೊದಲೇ ಹಂಚಿಕೊಂಡಿರಬೇಕು: ಒಬ್ಬರು ಒತ್ತುವವರು, ಒಬ್ಬರು ಪೆಟ್ಟಿಗೆ ತರುವವರು, ಒಬ್ಬರು ಫೋನ್ ಮಾಡಿ ಗೇಟಿನ ಬಳಿ ನಿಲ್ಲುವವರು, ಒಬ್ಬರು ಉಳಿದ ಮಕ್ಕಳನ್ನು ದೂರ ಕರೆದೊಯ್ಯುವವರು.

ಪೆಟ್ಟಿಗೆಯಲ್ಲಿ ಇರಬೇಕಾದವು: ಕೈಗವಸು, ಗಾಸ್ ಬಟ್ಟೆಯ ಸುರುಳಿಗಳು, ಅಗಲವಾದ ಬ್ಯಾಂಡೇಜ್, ತ್ರಿಕೋನ ಬಟ್ಟೆ, ಬಟ್ಟೆ ಕತ್ತರಿಸುವ ಕತ್ತರಿ, ಎರಡು ಬಿಗಿಪಟ್ಟಿ, ಅಳಿಸದ ಪೆನ್ನು, ಒಂದು ಹೊದಿಕೆ. ಪೆಟ್ಟಿಗೆ ಬೀರುವಿನೊಳಗೆ ಬೀಗದಲ್ಲಿರಬಾರದು. ಬೀಗದ ಕೈ ಹುಡುಕುವುದರಲ್ಲೇ ಐದು ನಿಮಿಷ ಕಳೆಯುತ್ತದೆ.

ದಾಖಲಾತಿಯ ಸಮಯದಲ್ಲಿ ಪೋಷಕರನ್ನು ಒಂದು ಮಾತು ಕೇಳಿಡಿ: ಮಗುವಿಗೆ ಕುಸುಮರೋಗ, ಅಂದರೆ ಹಿಮೋಫಿಲಿಯಾ ಇದೆಯೇ? ಇದರ ಸಾಮಾನ್ಯ ಬಗೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದ ಬರುತ್ತದೆ. ಅಂಥ ಮಗುವಿಗೆ ಸಣ್ಣ ಪೆಟ್ಟಾದರೂ ಒತ್ತಿಹಿಡಿದುಕೊಂಡೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೇಳುವ ಪ್ರಶ್ನೆಗಳು

ಪ್ರಶ್ನೆ: ಮುಟ್ಟಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತೇ?
ಉತ್ತರ: ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ರಕ್ಷಣೆ ಕೊಡುತ್ತದೆ. ಬೇರೆ ಸಂದರ್ಭಗಳಲ್ಲಿ, ಒಪ್ಪಿಗೆ ಪಡೆಯಲು ಸಾಧ್ಯವಿಲ್ಲದಾಗ ಸದ್ಭಾವನೆಯಿಂದ ಒಬ್ಬರ ಒಳಿತಿಗಾಗಿ ಮಾಡಿದ ಕೆಲಸ ಅಪರಾಧವಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮು ಹೇಳುತ್ತದೆ.

ಪ್ರಶ್ನೆ: ಖಾಸಗಿ ಆಸ್ಪತ್ರೆಯವರು ‘ಪೊಲೀಸ್ ಕೇಸು, ಸರ್ಕಾರಿ ಆಸ್ಪತ್ರೆಗೆ ಹೋಗಿ’ ಎಂದರೆ?
ಉತ್ತರ: ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವ ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಪ್ರಶ್ನೆ: ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಕೇ?
ಉತ್ತರ: ಬೇಡ. ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಡಿಯಿರಿ.

ಪ್ರಶ್ನೆ: ರಕ್ತ ನೋಡಿದರೆ ನನಗೇ ತಲೆ ಸುತ್ತುತ್ತದೆ. ನಾನು ಏನು ಮಾಡಲಿ?
ಉತ್ತರ: ಫೋನ್ ಮಾಡುವ, ದಾರಿ ತೋರಿಸುವ, ಮಕ್ಕಳನ್ನು ಸಮಾಧಾನಪಡಿಸುವ ಕೆಲಸ ನಿಮ್ಮದಾಗಲಿ. ಆ ಕೆಲಸಗಳಿಗೂ ಜನ ಬೇಕು.

ಓದುಗರೇ, ನೀವು ಪೋಷಕರಾಗಿದ್ದರೆ ಮುಂದಿನ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ‘ನಮ್ಮ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ? ಅದನ್ನು ಬಳಸಲು ಯಾರಿಗೆ ಬರುತ್ತದೆ?’ ನೀವು ಶಿಕ್ಷಕರಾಗಿದ್ದರೆ ಈ ವಾರವೇ ಆ ಪೆಟ್ಟಿಗೆಯನ್ನು ತೆರೆದು ನೋಡಿ. ಅದರಲ್ಲಿ ಒಣಗಿದ ಟಿಂಚರ್ ಬಾಟಲಿಯೊಂದೇ ಇದ್ದರೆ, ಕೆಲಸ ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.